10 ದಿನಗಳ ವಿಪಶ್ಯನ ಶಿಬಿರ: ಮೂರು ವರ್ಷಗಳ ಬಳಿಕ ಬರೆದ ವಿಮರ್ಶೆ

ಧ್ಯಾನದ ಗಂಧಗಾಳಿಯೂ ಇಲ್ಲದೆ ನಾನು ಧ್ಯಾನಗುರು ಸತ್ಯನಾರಾಯಣ ಗೋಯಂಕಾ ಅವರ ಪರಂಪರೆಯ ವಿಪಶ್ಯನ ಶಿಬಿರಕ್ಕೆ ಸೇರಿ ಮೂರು ವರ್ಷಗಳಾದವು. ಶಿಬಿರ ಮುಗಿದ ವಾರವೇ ಬರೆದಿದ್ದರೆ ಇದು ಸ್ತೋತ್ರವಾಗುತ್ತಿತ್ತು. ಅಭ್ಯಾಸವನ್ನು ಬಿಟ್ಟು, ಮತ್ತೆ ಹಿಡಿದ ಮೇಲೆ ಬರೆಯುವುದು ಹೊಸಬರಿಗೆ ಹೆಚ್ಚು ಉಪಯುಕ್ತವೆಂದು ಕಾದಿದ್ದೆ.

ಶಿಬಿರಕ್ಕೆ ಶುಲ್ಕವಿಲ್ಲ; ಊಟ, ವಸತಿಯ ವೆಚ್ಚ ಹಿಂದೆ ಶಿಬಿರ ಪೂರೈಸಿದವರ ದಾನದಿಂದ ನಡೆಯುತ್ತದೆ. 10 ದಿನಗಳೆಂದರೂ ರಜೆ 12 ದಿನ ಬೇಕು, ಏಕೆಂದರೆ ಹಿಂದಿನ ದಿನವೇ ಹೋಗಿ ಸೇರಬೇಕು, ಹನ್ನೊಂದನೆಯ ದಿನ ಬೆಳಿಗ್ಗೆ ಹೊರಡಬೇಕು. ಫೋನು ಒಪ್ಪಿಸಿಬಿಡಬೇಕು, ಓದು, ಬರಹ ಯಾವುದೂ ಇಲ್ಲ. ಬೆಳಗಿನ ಜಾವ 4ಕ್ಕೆ ಎಬ್ಬಿಸುವ ಗಂಟೆ, 4.30ರಿಂದ ಧ್ಯಾನ, 11ಕ್ಕೆ ಊಟ, ಸಂಜೆ 5ಕ್ಕೆ ಹೊಸಬರಿಗೆ ಹಣ್ಣು ಮತ್ತು ಚಹಾ. ಅಲ್ಲಿಗೆ ಆ ದಿನದ ಆಹಾರ ಮುಗಿಯಿತು. ಹತ್ತನೆಯ ದಿನದ ಬೆಳಗಿನವರೆಗೂ ಮೌನ. ಮಾತಿಲ್ಲದೆ ಇರುವುದು ಕಷ್ಟವಾದೀತೆಂದು ಹೆದರಿದ್ದೆ. ನಿಜಕ್ಕೂ ಕಾಡಿದ್ದು ಮಂಡಿ.

ಮೊದಲ ಮೂರು ದಿನ ಆನಾಪಾನ ಮಾತ್ರ. ಮಂತ್ರವಿಲ್ಲ, ಎಣಿಕೆಯಿಲ್ಲ, ಸಹಜವಾಗಿ ಬಂದು ಹೋಗುವ ಉಸಿರನ್ನು ಮೂಗಿನ ಬಳಿ ಗಮನಿಸುತ್ತಿರಬೇಕು. ಎರಡನೆಯ ದಿನ ಮಧ್ಯಾಹ್ನ, ಉಸಿರನ್ನೇ ನೋಡುತ್ತಿದ್ದೇನೆಂದುಕೊಂಡು, ನಮ್ಮ ಮನೆಯ ಅಟ್ಟದ ಮೇಲಿರುವ ಸ್ಟೀಲ್ ಪಾತ್ರೆಗಳನ್ನೆಲ್ಲ ಒಂದೊಂದಾಗಿ ಲೆಕ್ಕ ಹಾಕಿ ಮುಗಿಸಿದ್ದೆ. ಮೂರನೆಯ ಸಂಜೆ, ಬಲ ಹೊಳ್ಳೆಯ ಅಂಚಿನಲ್ಲಿ ಒಳಬರುವ ಗಾಳಿ ತಣ್ಣಗಿದೆ, ಹೊರಹೋಗುವುದು ತುಸು ಬೆಚ್ಚಗಿದೆ ಎಂದು ಸ್ಪಷ್ಟವಾಗಿ ತಿಳಿಯಿತು. ನಲವತ್ತೆರಡು ವರ್ಷ ಉಸಿರಾಡಿದವಳಿಗೆ ಅದು ಹೊಸ ಸುದ್ದಿ!

ನಾಲ್ಕನೆಯ ದಿನ ವಿಪಶ್ಯನ ಆರಂಭವಾಗುತ್ತದೆ: ನೆತ್ತಿಯಿಂದ ಪಾದದವರೆಗೆ ಸಂವೇದನೆಗಳನ್ನು ಇಷ್ಟಾನಿಷ್ಟವಿಲ್ಲದೆ ನೋಡುವುದು. ಅಲ್ಲಿಂದ ಮುಂದೆ ದಿನಕ್ಕೆ ಮೂರು ಸಲ, ತಲಾ ಒಂದು ಗಂಟೆ, ಕೈಕಾಲು ಅಲುಗಿಸದೆ ಕೂರುವ ಅಧಿಷ್ಠಾನವಿದೆ. ಕುರ್ಚಿ ಕೇಳಲು ಸಂಕೋಚಪಟ್ಟು ಆರನೆಯ ದಿನದವರೆಗೆ ನೆಲದ ಮೇಲೆ ಹಠ ಹಿಡಿದದ್ದು ನನ್ನದೇ ತಪ್ಪು. ಊರಿಗೆ ಮರಳಿದ ಮೇಲೂ ಎರಡು ವಾರ ಮೆಟ್ಟಿಲು ಹತ್ತುವುದು ಕಷ್ಟವಾಯಿತು. ಮಾನಸಿಕ ಆರೋಗ್ಯಕ್ಕೆ ಚಿಕಿತ್ಸೆ ಪಡೆಯುತ್ತಿರುವವರು ಅದನ್ನು ಅರ್ಜಿಯಲ್ಲಿ ಮುಚ್ಚಿಡಬಾರದು. ಇಷ್ಟು ತೀವ್ರವಾದ ಕ್ರಮ ಎಲ್ಲರಿಗೂ, ಎಲ್ಲ ಕಾಲಕ್ಕೂ ಒಗ್ಗುವಂಥದ್ದಲ್ಲ.

ಮನೆಗೆ ಮರಳಿದ ಮೇಲೆ ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ಕೂರಬೇಕೆಂಬುದು ಸಲಹೆ. ಅಡುಗೆ, ಕಚೇರಿ, ಮಕ್ಕಳ ಪರೀಕ್ಷೆಗಳ ನಡುವೆ ನನಗದು ಎರಡು ತಿಂಗಳಷ್ಟೇ ನಡೆಯಿತು. ಎರಡು ಗಂಟೆ ಆಗದಿದ್ದರೆ ಕೂರುವುದೇ ವ್ಯರ್ಥವೆಂದುಕೊಂಡು ಎಂಟು ತಿಂಗಳು ಪೂರ್ತಿ ಬಿಟ್ಟೆ. ಈಗ ಹಾಲಿನವನು ಬರುವ ಮುಂಚೆ, ಮಡಿಸಿದ ಜಮಖಾನದ ಮೇಲೆ, 20 ನಿಮಿಷ ಆನಾಪಾನವನ್ನಷ್ಟೇ ಮಾಡುತ್ತೇನೆ. ಸಿಟ್ಟು ಹೋಗಿಲ್ಲ, ಆದರೆ ಅದಕ್ಕೆ ಮುಂಚೆ ದವಡೆ ಬಿಗಿಯುವುದು ಈಗ ತಿಳಿಯುತ್ತದೆ, ಹತ್ತರಲ್ಲಿ ಮೂರ್ನಾಲ್ಕು ಸಲ ಬಾಯಿ ತಡೆಯುತ್ತದೆ.

ಮುಂದಿನ ಬೇಸಿಗೆಯಲ್ಲಿ ಎರಡನೆಯ ಶಿಬಿರಕ್ಕೆ ಅರ್ಜಿ ಹಾಕುವ ಯೋಚನೆಯಿದೆ. ಈ ಸಲ ಮೊದಲ ದಿನವೇ ಕುರ್ಚಿ ಕೇಳುತ್ತೇನೆ.