ಶಿರಸಿಯ ಹಳೆಪುಸ್ತಕದಂಗಡಿಯಲ್ಲಿ ಸಿಕ್ಕ ಕಾರ್ನ್‌ವಾಲಿಸ್

ಮಗಳಿಗೆ ನಿಘಂಟು ಕೊಳ್ಳಲೆಂದು ಶಿರಸಿಯ ಈ ಚಿಕ್ಕ ಹಳೆಪುಸ್ತಕದಂಗಡಿಗೆ ಹೋದವನು, ಲಾರ್ಡ್ ಕಾರ್ನ್‌ವಾಲಿಸನ ಸೇನಾಜೀವನವನ್ನು ಕುರಿತ ದಪ್ಪ ಗ್ರಂಥವೊಂದನ್ನೂ ಹಿಡಿದು ಹೊರಬಂದೆ. ಮಲೆನಾಡಿನ ಮಳೆಗಾಲದಲ್ಲಿ ಪುಸ್ತಕಕ್ಕೆ ಬೂಷ್ಟು ಹಿಡಿಯದಂತೆ ಕಾಯುವುದು ಸುಲಭವಲ್ಲ. ಇಲ್ಲಿ ಪ್ರತಿ ಕಪಾಟನ್ನೂ ಗೋಡೆಯಿಂದ ಗೇಣುದ್ದ ದೂರವಿಟ್ಟಿದ್ದಾರೆ, ಹಾಳೆಗಳು ಗರಿಗರಿಯಾಗಿವೆ.

ಅಮೆರಿಕದ ಸ್ವಾತಂತ್ರ್ಯಯುದ್ಧದಲ್ಲಿ, 1781ರಲ್ಲಿ ಯಾರ್ಕ್‌ಟೌನಿನಲ್ಲಿ ಶರಣಾದ ಬ್ರಿಟಿಷ್ ಸೇನಾನಿಯೆಂದಷ್ಟೇ ನಾನು ಅವನನ್ನು ಅರಿತಿದ್ದೆ. ಅದೇ ಕಾರ್ನ್‌ವಾಲಿಸ್ ಟಿಪ್ಪುವಿನ ಮೇಲೆ ದಂಡೆತ್ತಿ ಬಂದು, 1791ರ ಮಾರ್ಚಿನಲ್ಲಿ ಬೆಂಗಳೂರಿನ ಕೋಟೆಯನ್ನು ಗೆದ್ದು, ಮೇ ತಿಂಗಳಲ್ಲಿ ಶ್ರೀರಂಗಪಟ್ಟಣದ ಹೊಸ್ತಿಲವರೆಗೆ ಬಂದರೂ, ಎತ್ತುಗಳು ಸತ್ತು, ದವಸ ತೀರಿ, ಮುತ್ತಿಗೆಗೆಂದು ಎಳೆದು ತಂದಿದ್ದ ದೊಡ್ಡ ತೋಪುಗಳನ್ನು ತಾನೇ ನಾಶಮಾಡಿ ಹಿಂದಿರುಗಬೇಕಾಯಿತು ಎಂಬ ಭಾಗವನ್ನು ಅಂಗಡಿಯಲ್ಲೇ ನಿಂತು ಓದಿದೆ. ಮಾಲೀಕರು ಬೇಸರಿಸದೆ ಸ್ಟೂಲು ಕೊಟ್ಟು, ದೀಪ ಹಾಕಿದರು. ಮರುವರ್ಷ ಕಾರ್ನ್‌ವಾಲಿಸ್ ಮತ್ತೆ ಬಂದು ಶ್ರೀರಂಗಪಟ್ಟಣವನ್ನು ಮುತ್ತಿದಾಗ ಆದ ಒಪ್ಪಂದದಲ್ಲಿ ಟಿಪ್ಪು ಅರ್ಧ ರಾಜ್ಯವನ್ನೂ 3 ಕೋಟಿ 30 ಲಕ್ಷ ರೂಪಾಯಿಯನ್ನೂ ಕೊಡಲು ಒಪ್ಪಿ, ಇಬ್ಬರು ಮಕ್ಕಳನ್ನು ಒತ್ತೆಯಿಡಬೇಕಾಯಿತು. ಆದರೂ ನಮ್ಮ ಕಾರವಾರದ ಕರಾವಳಿ 1799ರವರೆಗೆ ಟಿಪ್ಪುವಿನ ಕೈಯಲ್ಲೇ ಉಳಿಯಿತು. ಸೈನ್ಯದ ಬಲವೆಂದರೆ ಬಂದೂಕಿಗಿಂತ ಮೊದಲು ಎತ್ತು ಮತ್ತು ಅಕ್ಕಿ ಎಂಬುದು ನನಗೆ ಇಷ್ಟು ಸ್ಪಷ್ಟವಾಗಿ ಹಿಂದೆಂದೂ ಕಂಡಿರಲಿಲ್ಲ.

ಕೊರತೆಯೂ ಇದೆ. ಕೊನೆಯ ಮಡಚುನಕ್ಷೆ ಮಡಿಕೆಯಲ್ಲೇ ಹರಿದು, ಕಾವೇರಿಯ ಉತ್ತರದಂಡೆ ಪೂರ್ತಿ ಕಾಣೆಯಾಗಿತ್ತು. ಮಾರುವ ಮುನ್ನ ಅದನ್ನು ಹೇಳಬೇಕಿತ್ತು. ಮರುವಾರ ತಿಳಿಸಿದಾಗ ಅವರು ತಕರಾರಿಲ್ಲದೆ ಕಾಲುಭಾಗ ಹಣ ಹಿಂದಿರುಗಿಸಿದರು. ಇತಿಹಾಸದ ಕಪಾಟು ಒಳಕೋಣೆಯಲ್ಲಿದೆ, ಕೇಳಿದರಷ್ಟೇ ತೋರಿಸುತ್ತಾರೆ, ತಪ್ಪದೆ ಕೇಳಿ.