ಆನೆಗೊಂದಿ ಕಡೆ ಸಂಜೆ ತೆಪ್ಪದಲ್ಲಿ ಮೀನು ಹಿಡಿಯೋ ಪ್ಯಾಕೇಜ್: ದುಡ್ಡು ಕಟ್ಟೋ ಮುಂಚೆ ಓದಿ

ಹಂಪಿ, ಆನೆಗೊಂದಿಗೆ ರಜೆಗೆ ಬರೋರಿಗೆ ಫೋನಿನಲ್ಲೇ ಒಂದು ಆಸೆ ತೋರಿಸ್ತಿದ್ದಾರೆ. ಸಂಜೆ ತೆಪ್ಪದಲ್ಲಿ ಹೋಗಿ ಗಾಳ ಹಾಕೋದು, ಸಿಕ್ಕ ಮೀನನ್ನ ಬಂಡೆ ಮೇಲೇ ಸುಟ್ಟು ತಿನ್ನೋದು. ದಾವಣಗೆರೆಯಿಂದ ನಮ್ಮ ಅಕ್ಕ, ಭಾವ ಮಕ್ಕಳ ಸಮೇತ ಬಂದಿದ್ರು, ಭಾವನೇ ಬುಕ್ ಮಾಡಿದ್ರು. ಫೋಟೋದಲ್ಲಿ ಎಲ್ಲರ ಮೈಮೇಲೂ ಲೈಫ್ ಜಾಕೆಟ್. ತುಂಗಭದ್ರಾ ಹೊಳೆ ದಂಡೆಗೆ ಹೋದ್ರೆ ಒಂದೂ ಇಲ್ಲ. ಕೇಳಿದ್ದಕ್ಕೆ ಪ್ಯಾಕೇಜ್ ಮಾರಿದವನು, "ಬ್ಯಾಸಗಿ ನೀರು ರೀ, ಮೊಣಕಾಲ ಮಟ ಅದಾವ, ಏನೂ ಆಗಂಗಿಲ್ಲ" ಅಂದ.

ಅರ್ಧ ನಿಜ. ಬೇಸಿಗೆಯಲ್ಲಿ ಹೊಳೆ ಬಂಡೆಗಳ ನಡುವೆ ತೆಳ್ಳಗೆ ಹರಿಯುತ್ತೆ, ಆದ್ರೆ ಮಡುಗಳು ಆಳವಾಗೇ ಇರ್ತವೆ. ಮೀನು ಸೇರೋದೂ ಅಲ್ಲೇ, ಮೀನು ತಿನ್ನೋ ಪ್ರಾಣಿಗಳು ಬರೋದೂ ಅಲ್ಲೇ. ಮುದ್ಲಾಪುರದಿಂದ ಕಂಪ್ಲಿ ಸೇತುವೆವರೆಗಿನ 34 ಕಿ.ಮೀ. ಹೊಳೆಯನ್ನ 2015ರಲ್ಲೇ ಸರ್ಕಾರ ನೀರುನಾಯಿಗಳಿಗಾಗಿ ಸಂರಕ್ಷಿತ ಪ್ರದೇಶ ಮಾಡಿದೆ. ಅದರೊಳಗೆ ಮೊಸಳೆಗಳೂ ಇವೆ. ಈ ಮನುಷ್ಯ ಎರಡರ ಬಗ್ಗೆಯೂ ತುಟಿ ಬಿಚ್ಚಲಿಲ್ಲ.

ಗಾಳಕ್ಕೆ ಅವನು ತಂದಿದ್ದು ಒಂದು ಕ್ಯಾರಿಬ್ಯಾಗ್ ತುಂಬ ಕೋಳಿ ಕರುಳು. ಸಿಕ್ಕ ಜಿಲೇಬಿ ಮೀನುಗಳನ್ನ ಬಲೆಚೀಲಕ್ಕೆ ಹಾಕಿ ತೆಪ್ಪದ ಅಂಚಿಗೆ ಕಟ್ಟಿ ನೀರಿಗೆ ಇಳಿಬಿಟ್ಟಿದ್ದ. ಹೊತ್ತು ಮುಳುಗೋವಾಗ ನೀರುನಾಯಿಗಳ ಗುಂಪು ಬಂತು. ಒಂದಂತೂ ಪಕ್ಕದ ಬಂಡೆ ಮೇಲೆ ಕೂತು, ಮೀನನ್ನ ಎರಡೂ ಮುಂಗಾಲಲ್ಲಿ ಹಿಡಿದು ತಲೆ ಕಡೆಯಿಂದ ಕಟಕಟ ಅಗೀತಿತ್ತು, ಮೀಸೆಯಿಂದ ನೀರು ತೊಟ್ಟಿಕ್ತಿತ್ತು. ಚೆಂದ ಇತ್ತು, ಇಲ್ಲ ಅನ್ನಲ್ಲ. ಇವನು ಅವನ್ನ ಇನ್ನೂ ಹತ್ತಿರ ಕರೆಯೋಕೆ ಕರುಳು ಎಸೆಯೋಕೆ ಶುರು ಮಾಡಿದ.

ಇದ್ದಕ್ಕಿದ್ದಂತೆ ಎಲ್ಲವೂ ಕೀಚ್ ಅಂತ ಚೀರಿ ಬಂಡೆ ಏರಿದ್ವು. ಹುಟ್ಟು ಹಾಕ್ತಿದ್ದ ಹುಡುಗನಿಗೆ ಗೊತ್ತಾಯ್ತು. "ಅಕ್ಕಾರ, ಪಾಪುನ ಕೈ ನೀರಾಗಿಂದ ತಗೀರಿ, ಲಗೂನ!" ಅಕ್ಕ ಮಗಳನ್ನ ಎಳೆದುಕೊಂಡಳು. ಮರುಕ್ಷಣವೇ ಬಲೆಚೀಲ ಜಗ್ಗಿತು, ತೆಪ್ಪ ಗರ್ರನೆ ತಿರುಗಿ ಒಂದು ಕಡೆ ವಾಲಿ ನೀರು ಒಳಗೆ ನುಗ್ಗಿತು. ಪ್ಲಾಸ್ಟಿಕ್ ದಾರ ಹರೀತು, ಬಚಾವಾದ್ವಿ. ಟಾರ್ಚ್ ಬಿಟ್ರೆ ನೀರಿನ ಮಟ್ಟದಲ್ಲಿ ಎರಡು ಕಣ್ಣು, ಬೀಡಿ ಕೆಂಡದ ಹಾಗೆ. ಬಂಡೆ ಸಿಕ್ಕಿದಾಗ ಎಲ್ಲರಿಗಿಂತ ಮೊದಲು ಹತ್ತಿದ್ದು ಯಾರು ಗೊತ್ತಾ? ಪ್ಯಾಕೇಜ್ ಮಾರಿದವನು. ಮಕ್ಕಳನ್ನ ಎತ್ತಿ ಕೊಟ್ಟಿದ್ದು ಆ ಹುಡುಗ.

ಮೊಸಳೆದೇನೂ ತಪ್ಪಿಲ್ಲ. ಕತ್ತಲಾಗುತ್ತಲೇ ಅದು ಬೇಟೆಗೆ ಇಳಿಯುತ್ತೆ, ಇವನು ಕರುಳು ಎಸೆದು ಮೀನು ನೇತು ಹಾಕಿ ಊಟಕ್ಕೆ ಕರೆದಿದ್ದ. ಬೇಸಿಗೆಯಲ್ಲಿ ಮರಳುದಿಬ್ಬದಲ್ಲಿ ಮೊಟ್ಟೆ ಇಟ್ಟ ತಾಯಿ ಮೊಸಳೆ ಅಲ್ಲೇ ಕಾವಲಿರುತ್ತೆ, ಹಾಗಾಗಿ 'ದಿಬ್ಬದ ಮೇಲೆ ಕ್ಯಾಂಪ್‌ಫೈರ್' ಅಂದವರನ್ನೂ ನಂಬಬೇಡಿ. ನೀರುನಾಯಿ ನೋಡೋ ಆಸೆ ಇದ್ರೆ ಬೆಳಿಗ್ಗೆ ದಂಡೆ ಮೇಲೇ ದೂರದಲ್ಲಿ ನಿಂತು ನೋಡಿ, ದುಡ್ಡೂ ಬೇಕಿಲ್ಲ. ತೆಪ್ಪ ಹತ್ತೋದೇ ಆದ್ರೆ ಹಗಲಲ್ಲಿ ಹತ್ತಿ, ಜಾಕೆಟ್ ಕೈಗೆ ಬಂದ ಮೇಲೇ ದುಡ್ಡು ಕೊಡಿ.

ಮರುದಿನ ಭಾವ ದುಡ್ಡು ವಾಪಸ್ ಕೇಳಿ ಫೋನ್ ಮಾಡಿದ್ರು. "ಮೊಸಳಿ ನೋಡಾಕ ಮಂದಿ ಡಬಲ್ ಕೊಡ್ತಾರ್ರಿ ಸರ್" ಅಂದು ಇಟ್ಟುಬಿಟ್ಟ.