ಕಾರವಾರದ ಸಣ್ಣ ಗಾಳಿಗೆ ಆರು ಮೀಟರ್ ವಿಂಗ್: ಎರಡು ಸೀಸನ್ ಆದ ಮೇಲೆ

ವಿಂಗ್ ಅಂದರೆ ಬೋರ್ಡಿನ ಮೇಲೆ ನಿಂತು, ಕೈಯಲ್ಲಿ ಹಿಡಿದು ಗಾಳಿಯ ಬಲದಿಂದ ಸಾಗುವ ಬಟ್ಟೆಯ ರೆಕ್ಕೆ, ಚೌಕಟ್ಟಿಗೆ ಗಾಳಿ ತುಂಬುತ್ತಾರೆ. ನನ್ನದು ಆರು ಚದರ ಮೀಟರಿನದು. ಕೊಂಡಿದ್ದು ಒಂದೇ ಆಸೆಯಿಂದ. ಸಣ್ಣ ಗಾಳಿಯಲ್ಲೂ ಬೋರ್ಡು ನೀರು ಬಿಟ್ಟು ಏಳಬೇಕು. ಮೊದಲ ಸೀಸನ್‌ನಲ್ಲಿ ಚೆನ್ನಾಗಿಯೇ ಎದ್ದಿತು. ಎರಡನೆಯದರಲ್ಲಿ ಅದೇ ಫಾಯಿಲ್ (ಬೋರ್ಡಿನ ಅಡಿಗೆ ನೀರೊಳಗಿದ್ದು ಅದನ್ನು ಮೇಲೆತ್ತುವ ರೆಕ್ಕೆ), ಅಷ್ಟೇ ಗಾಳಿ, ಆದರೂ ಏಳಲು ಒದ್ದಾಟ. ಕ್ಯಾನಪಿ, ಅಂದರೆ ಚೌಕಟ್ಟಿಗೆ ಹೊದಿಸಿದ ಬಟ್ಟೆ, ಸಡಿಲವಾಗಿತ್ತು. ಉಳಿದ ಅಳತೆ, ತೂಕವೆಲ್ಲ ಕಂಪನಿಯ ಪುಟದಲ್ಲೇ ಇದೆ, ಬಿಡಿ.

ಇಲ್ಲಿ ಬಟ್ಟೆಯ ಬಿಗಿ ಯಾಕೆ ಅಷ್ಟು ಮುಖ್ಯ ಅಂದರೆ ನಮ್ಮ ಕಡಲು ಹಾಗಿದೆ. ಬೆಳಗ್ಗೆ ನೆಲದ ಕಡೆಯಿಂದ ಬೀಸುವ ಗಾಳಿ ಸತ್ತು, ಮಧ್ಯಾಹ್ನ ಕಡಲ ಗಾಳಿ ಏಳುತ್ತದೆ. ಟಾಗೋರ್ ಬೀಚಿನಲ್ಲಿ ಎಷ್ಟೋ ದಿನ ಅದು ಹತ್ತು ನಾಟ್ (ಗಂಟೆಗೆ ಸುಮಾರು ಹದಿನೆಂಟೂವರೆ ಕಿಲೋಮೀಟರ್) ಆಸುಪಾಸಿನಲ್ಲೇ ನಿಲ್ಲುತ್ತದೆ. ಬೈತಖೋಲ್ ಗುಡ್ಡ, ಎದುರಿನ ದ್ವೀಪಗಳು ಅಡ್ಡ ಇರುವುದರಿಂದ ಅಲೆಯೂ ಸಣ್ಣದು. ಅಲೆ ತಳ್ಳಿಕೊಡದಿದ್ದರೆ ಪಂಪ್ ಮಾಡಿಯೇ, ಅಂದರೆ ವಿಂಗನ್ನು ಎಳೆದೆಳೆದು ಬೋರ್ಡನ್ನು ಒತ್ತೊತ್ತಿಯೇ, ಏಳಬೇಕು. ಒಮ್ಮೆ ಬೋರ್ಡು ಮೇಲೆ ಬಂದರೆ ನೀರಿನ ಎಳೆತ ತಪ್ಪುತ್ತದೆ, ವೇಗ ಬರುತ್ತದೆ, ಆ ವೇಗವೇ ವಿಂಗ್‌ಗೆ ಇನ್ನಷ್ಟು ಗಾಳಿ ಕೊಡುತ್ತದೆ. ಕಷ್ಟವೆಲ್ಲ ಏಳುವ ಮೊದಲಿನ ಆ ನಾಲ್ಕಾರು ಎಳೆತಗಳಲ್ಲಿ.

ಆ ಎಳೆತದಲ್ಲಿ ವಿಂಗನ್ನು ಮುಂದಕ್ಕೆ, ಮೇಲಕ್ಕೆ ಚಾಚಿ, ಅಲ್ಲಿಂದ ಗಾಳಿಯನ್ನು ಬಾಚಿಕೊಂಡು ಸೊಂಟದ ಹತ್ತಿರ ತರಬೇಕು. ಅದೇ ತಾಳದಲ್ಲಿ ಕಾಲಿನಿಂದ ಬೋರ್ಡನ್ನು ಒತ್ತಿ, ತಕ್ಷಣ ಭಾರ ಬಿಡಬೇಕು. ಬಟ್ಟೆ ಬಿಗಿಯಾಗಿದ್ದರೆ ಕೈ ಎಳೆದ ಕ್ಷಣವೇ ಬೋರ್ಡಿಗೆ ಮುಟ್ಟುತ್ತದೆ. ನನ್ನ ವಿಂಗ್‌ನಲ್ಲಿ ಬಾವಿಯ ಸಡಿಲ ಹಗ್ಗ ಎಳೆದ ಹಾಗೆ. ಅರ್ಧ ಎಳೆತ ಬಟ್ಟೆ ಸೆಟೆದುಕೊಳ್ಳುವುದಕ್ಕೇ ಖರ್ಚು, ಆಮೇಲೆ ಬೋರ್ಡಿಗೆ ಬಲ. ಹಿಂದಿನ ಅಂಚು ಪಟಪಟ ಬಡಿಯುತ್ತದೆ. ಬಟ್ಟೆಯ ಹೊಟ್ಟೆ ಹಿಂದಕ್ಕೆ ಸರಿದು ಹಿಂದೆ ಹಿಡಿದ ಕೈ ಬೇಗ ಸೋಲುತ್ತದೆ.

ಗಾಳಿ ಕಡಿಮೆ ತುಂಬಿರಬಹುದು ಅಂತ ಮಾರಿದವರು ಹೇಳಿದರು. ವಾಲ್ವ್ ಪಕ್ಕದಲ್ಲಿ ಬರೆದಷ್ಟು ಪಿಎಸ್ಐ (ಗಾಳಿಯ ಒತ್ತಡದ ಅಳತೆ) ನಾನು ಯಾವಾಗಲೂ ಗೇಜ್ ನೋಡಿಯೇ ತುಂಬುತ್ತೇನೆ. ಬಿಸಿ ಮರಳಿನ ಮೇಲೆ ತುಂಬಿದ್ದು ತಣ್ಣೀರಿಗೆ ಇಳಿದಾಗ ಸ್ವಲ್ಪ ಇಳಿಯುತ್ತದೆ ಅಂತ, ನೀರಿನಲ್ಲಿ ಒಮ್ಮೆ ಅದ್ದಿ ಮತ್ತೆ ಗೇಜ್ ನೋಡುತ್ತೇನೆ. ಲೀಡಿಂಗ್ ಎಡ್ಜ್, ಅಂದರೆ ಮುಂದಿನ ಅಂಚಿನ ಗಾಳಿ ತುಂಬಿದ ಕೊಳವೆ, ಕಲ್ಲಿನಂತೆ ನಿಂತರೂ ಬಟ್ಟೆ ಜೋತೇ ಇತ್ತು. ಕಂಪನಿಗೆ ವಿಡಿಯೊ ಕಳಿಸಿದೆ. ಸಹಜ ಸವಕಳಿ, ಗ್ಯಾರಂಟಿಗೆ ಬರುವುದಿಲ್ಲ ಎಂಬ ಉತ್ತರ ಬಂತು. ಎರಡೇ ಸೀಸನ್‌ಗೆ ಸವಕಳಿಯೇ? ಆ ಉತ್ತರ ಇವತ್ತಿಗೂ ಒಪ್ಪಿಗೆಯಾಗಿಲ್ಲ.

ನಾನು ಇದನ್ನು ನೋಡಿಕೊಳ್ಳುವ ರೀತಿ ಹೇಳಿದರೆ ಸಿಟ್ಟು ಯಾಕೆ ಅಂತ ಗೊತ್ತಾಗುತ್ತದೆ. ಗಾಳಿಮರದ ನೆರಳಿನಲ್ಲೇ ವಿಂಗ್ ಬಿಚ್ಚುತ್ತೇನೆ. ಮೀನು ಬಲೆ ಒಣಗಿಸುವ ಜಾಗ ಬಿಟ್ಟು, ಚಿಪ್ಪು ಇಲ್ಲದ ಮೆತ್ತನೆ ಮರಳು ಹುಡುಕಿ ಹಾಸುತ್ತೇನೆ. ನೀರಿಗೆ ಹೋಗದೆ ಕಾಯುವಾಗ ಬಿಸಿಲಲ್ಲಿ ಬಿಡುವುದಿಲ್ಲ. ಬಿಸಿಲೂ ಸುಮ್ನೆ ಪಟಪಟ ಬಡಿಯಲು ಬಿಡುವುದೂ ಬಟ್ಟೆಯನ್ನು ತಿನ್ನುತ್ತವೆ. ಮನೆಗೆ ಬಂದು ಬಾವಿ ನೀರು ಹೊಯ್ದು, ಹೊಲಿಗೆಯ ಸಂದಿಯ ಉಪ್ಪನ್ನು ಬೆರಳಿನಿಂದಲೇ ತಿಕ್ಕಿ ತೆಗೆದು, ಜಗುಲಿಯಲ್ಲಿ ತೂಗುಹಾಕುತ್ತೇನೆ. ಪೂರ್ತಿ ಒಣಗಿದ ಮೇಲೇ ಸುತ್ತುವುದು. ನಮ್ಮ ಮಳೆಗಾಲದಲ್ಲಿ ಒಂದು ಮೂಲೆ ಹಸಿ ಉಳಿದರೂ ಬೂಷ್ಟು ಬರುತ್ತದೆ. ಈ ಕೆಲಸ ನನಗೆ ಇಷ್ಟ, ದಿನ ಮುಗಿದ ಸಮಾಧಾನ ಅದರಲ್ಲೇ ಸಿಗುತ್ತದೆ.

ಗೋವಾದಿಂದ ಬಂದ ಗೆಳೆಯ ತನ್ನ ಹೊಸ ಐದು ಮೀಟರ್ ವಿಂಗ್ ಕೈಗೆ ಕೊಟ್ಟ. "ಅಳತೆ ನೋಡಬೇಡ ಮಾರಾಯ, ಎಳೆದು ನೋಡು" ಅಂದ. ನನ್ನ ಆರು ಮೀಟರ್ ಒದ್ದಾಡುವ ಗಾಳಿಯಲ್ಲಿ ಅದು ಸರಾಗವಾಗಿ ಎಬ್ಬಿಸಿತು. ಅದರ ಚೌಕಟ್ಟು ಬಾಗದ ಗಟ್ಟಿ ಬಟ್ಟೆಯದು, ಕ್ಯಾನಪಿಯನ್ನು ಬೆರಳಿನಿಂದ ತಟ್ಟಿದರೆ ಟಪ್ ಅನ್ನುತ್ತದೆ. ಬೆಲೆ ಮಾತ್ರ ನನ್ನ ಬಜೆಟ್‌ಗೆ ತುಂಬ ಜಾಸ್ತಿ.

ಆಮೇಲೆ ನನ್ನ ವಿಂಗ್ ಮೇಲಿನ ಕೋಪ ಸ್ವಲ್ಪ ಇಳಿಯಿತು. ಅದಕ್ಕೆ ಬೇಕಾದ ತಾಳವೇ ಬೇರೆ ಅಂತ ಗೊತ್ತಾಯಿತು. ಗಿಡ್ಡ, ಚುರುಕು ಎಳೆತ ಅದಕ್ಕೆ ಆಗುವುದಿಲ್ಲ. ಕೈ ಚಾಚಿದಲ್ಲಿ ಒಂದು ಕ್ಷಣ ತಡೆದು, ಬಟ್ಟೆ ತುಂಬಿದ ಮೇಲೆ ಉದ್ದಕ್ಕೆ ಬಾಚಬೇಕು. ಬೋರ್ಡಿನ ಮೂತಿಯನ್ನು ಗಾಳಿಯಿಂದ ಸ್ವಲ್ಪ ಹೊರಳಿಸಿಟ್ಟರೆ ಇನ್ನೂ ಸಲೀಸು. ಹನ್ನೆರಡು ನಾಟ್ ಇದ್ದ ದಿನ ಹೀಗೆ ಮಾಡಿ ಕಾಳಿ ನದಿ ಬಾಯಿಯ ಕಡೆ ಸಾಗುವ ಸುಖಕ್ಕೆ ಈಗಲೂ ಕೊರತೆಯಿಲ್ಲ. ಎಂಟು ನಾಟ್‌ಗೆ ಮಾತ್ರ ಇದನ್ನು ನಂಬಿ ಯಾರೂ ಕೊಳ್ಳಬೇಡಿ.

ನನಗೀಗ ಐದು ಮೀಟರ್‌ನದು ಸೆಕೆಂಡ್ ಹ್ಯಾಂಡ್ ಬೇಕು. ಗೋವಾದಿಂದ ಮಂಗಳೂರಿನವರೆಗೆ ಯಾರ ಹತ್ತಿರ ಇದ್ದರೂ ಹೇಳಿ. ಫೋಟೊ ಬೇಡ. ಪೂರ್ತಿ ಗಾಳಿ ತುಂಬಿ, ಸಣ್ಣ ಗಾಳಿಗೆ ಹಿಡಿದು, ಹಿಂದಿನ ಅಂಚು ಕಾಣುವ ಹಾಗೆ ಒಂದು ವಿಡಿಯೊ ಮಾಡಿ. ಶಬ್ದವೂ ಕೇಳಿಸಲಿ.